ಜೋಳವಾಳಿ ಮತ್ತು ‘ಒಂದಾನೊಂದು ಕಾಲದಲ್ಲಿ’

ಗಿರೀಶ ಕಾರ್ನಾಡರು ನಿರ್ದೇಶಿಸಿದ ‘ಒಂದಾನೊಂದು ಕಾಲದಲ್ಲಿ’ (1978) ಕನ್ನಡದ ಸಾಹಸಚಿತ್ರಗಳಲ್ಲಿ ವಿಶಿಷ್ಟವಾದುದು. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಇದಕ್ಕೆ ಸಂದಿತು. ಗಂಡುಗಲಿಯ ಪಾತ್ರವನ್ನು ವಹಿಸಿದ ಶಂಕರ್ ನಾಗ್ ಅವರಿಗೆ 1979ರ ಭಾರತದ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ರಜತಮಯೂರ ಪುರಸ್ಕಾರ ದೊರೆಯಿತು. ಇದರ ಖಡ್ಗಯುದ್ಧಗಳಲ್ಲಿ ವಿಮರ್ಶಕರು ಜಪಾನಿನ ಅಕಿರ ಕುರೊಸಾವನ ಸಾಮುರಾಯ್ ಚಿತ್ರಗಳ ಛಾಯೆಯನ್ನು ಗುರುತಿಸಿದರು. ಆ ಋಣವು ನಿರ್ವಿವಾದವಾದುದು. ಆದರೆ ಅಷ್ಟರಿಂದಲೇ ಚಿತ್ರದ ವಸ್ತುವೂ ಪರದೇಶದ್ದೆಂದು ನಿರ್ಣಯಿಸಬಹುದೆ ಎಂಬುದು ವಿಚಾರಣೀಯ.

ಕಥೆ ಹೊಯ್ಸಳರ ಕಾಲದ್ದು. ಒಡಹುಟ್ಟಿದ ಪಾಳೆಯಗಾರರ ಹಗೆಯಲ್ಲಿ ಗಂಡುಗಲಿ ಕೂಲಿಗಾಗಿ ಕತ್ತಿ ಹಿಡಿಯುತ್ತಾನೆ. ಅವನ ಎದುರಾಳಿ, ಸುಂದರ ಕೃಷ್ಣ ಅರಸರು ಅಭಿನಯಿಸಿದ ಪೆರ್ಮಾಡಿ. ಒಡೆಯರ ಕೃತಘ್ನತೆಯನ್ನು ಕಂಡ ಮೇಲೆ ಈ ಇಬ್ಬರು ಹಗೆಗಳೂ ಒಂದಾಗುತ್ತಾರೆ.

ನಮ್ಮ ಪ್ರಾಚೀನರು ಒಡೆಯನ ಅನ್ನದ ಋಣವನ್ನು ‘ಜೋಳವಾಳಿ’ ಎಂದರು. ಒಡೆಯನೊಡನೆ ಸಾಯುವ ಪ್ರತಿಜ್ಞೆ ‘ವೇಳೆವಾಳಿ’ ಎನಿಸಿತು. ಈ ಋಣವು ಏಕಮುಖವಾದುದಲ್ಲ. ಇಂದಿನ ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರಕ್ಕೆ ಹೆಸರನ್ನಿತ್ತ ಬಂಕೆಯನನ್ನು ನೋಡೋಣ. ಮೂರು ತಿಂಗಳೊಳಗೆ ಶತ್ರುಗಳನ್ನು ಅಡಗಿಸದಿದ್ದರೆ ಅಗ್ನಿಪ್ರವೇಶ ಮಾಡುವೆನೆಂದು ಆತನು ಶಪಥಗೈದನೆಂದು ಕೊಣ್ಣೂರ ಶಾಸನವು ತಿಳಿಸುತ್ತದೆ. ಅಮೋಘವರ್ಷನು ಆತನ ಪ್ರಾರ್ಥನೆಯಂತೆ ಜಿನಾಲಯಕ್ಕೆ ಗ್ರಾಮವನ್ನು ದತ್ತಿಯಿತ್ತನು. ಭೃತ್ಯನು ಪ್ರಾಣವನ್ನು ಪಣವಾಗಿಟ್ಟನು, ಒಡೆಯನು ಉಪಕಾರವನ್ನು ಸ್ಮರಿಸಿದನು.

ಹಾನಗಲ್ಲು ಕದಂಬರ ರಾಜಧಾನಿ. 1196ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನು ಆನೆಕೆರೆಯ ಬಳಿ ಬೀಡುಬಿಟ್ಟು ಅದನ್ನು ಮುತ್ತಿದನು. ಕಾಮದೇವನ ದಂಡನಾಯಕ ಸೋಹಣಿಯೂ ಆತನ ಮಗ ಪದ್ಮಯ್ಯನೂ ಅವನನ್ನು ಕೆಲಕಾಲ ಹಿಮ್ಮೆಟ್ಟಿಸಿದರು. ಅಲ್ಲಿನ ತಾರಕೇಶ್ವರ ದೇವಾಲಯದ ಆವರಣದಲ್ಲಿ ವೀರಗಲ್ಲುಗಳಿವೆ. ಇಂತಹ ಕಲ್ಲುಗಳ ಸಾಮಾನ್ಯ ಕ್ರಮವಿದು: ಕೆಳಗೆ ಕಾದಾಟ, ನಡುವೆ ಅಪ್ಸರೆಯರೊಡನೆ ಆರೋಹಣ, ಮೇಲೆ ಶಿವಸಾನ್ನಿಧ್ಯ. ಮಡಿದವನ ಮನೆಯವರಿಗೆ ‘ನೆತ್ತರುಗೊಡಗೆ’ಯೆಂದು ಭೂಮಿಯನ್ನು ಕೊಡುವ ಪದ್ಧತಿಯೂ ನಾಡಿನಲ್ಲಿತ್ತು. ಹೀಗೆ ಕಲ್ಲು ಮತ್ತು ಹೊಲಗಳೆರಡೂ ಒಡೆಯನ ಕಡೆಯ ಋಣಸಂದಾಯಗಳು.

ಚಿತ್ರದಲ್ಲಿ ಇಲ್ಲದಿರುವುದು ಈ ಸಂದಾಯವೇ. ಅಲ್ಲಿ ಭಟನು ಜೋಳವಾಳಿಯನ್ನು ಸಲ್ಲಿಸುತ್ತಾನೆ, ಒಡೆಯನು ಮರೆಯುತ್ತಾನೆ. ಶಾಸನಗಳು ಬಹುಮಟ್ಟಿಗೆ ಋಣ ತೀರಿದ ಪ್ರಸಂಗಗಳನ್ನೇ ದಾಖಲಿಸುತ್ತವೆ. ತೀರದ ಋಣಕ್ಕೆ ಯಾರೂ ಕಲ್ಲು ನಿಲ್ಲಿಸುವುದಿಲ್ಲ. ಆದುದರಿಂದ ಕುರೊಸಾವನಿಂದ ಬಂದುದು ಕಥನದ ರೀತಿ. ಅದು ಎತ್ತಿದ ಪ್ರಶ್ನೆಯಾದರೋ ಕನ್ನಡ ನೆಲದ್ದೇ ಎಂದು ನಾವು ಭಾವಿಸುತ್ತೇವೆ. ವೀರಗಲ್ಲುಗಳನ್ನು ಓದುವ ವಿದ್ಯಾರ್ಥಿಯು, ಕಲ್ಲಿಲ್ಲದೆ ಮಡಿದವರನ್ನೂ ನೆನೆಯುವುದು ಅವಶ್ಯ.