ಗುರುತು ಪತ್ತೆ ಪರೇಡ್

ಗುರುತು ಪತ್ತೆ ಪರೇಡ್ ಎಂಬುದು ಪೊಲೀಸ್ ತನಿಖೆಯ ಹಂತದಲ್ಲಿ ನಡೆಯುವ ಒಂದು ಪರೀಕ್ಷೆ. ಅಪರಾಧವನ್ನು ಕಣ್ಣಾರೆ ಕಂಡ ಸಾಕ್ಷಿಯು ತನಗೆ ಮೊದಲು ಪರಿಚಯವಿಲ್ಲದ ಆರೋಪಿಯನ್ನು, ಅವನನ್ನು ಹೋಲುವ ಇತರರ ನಡುವಿನಿಂದ ಗುರುತಿಸಬಲ್ಲನೇ ಎಂಬುದನ್ನು ಇದರಲ್ಲಿ ನೋಡಲಾಗುತ್ತದೆ. ದರೋಡೆ, ಸುಲಿಗೆ, ಸರಗಳ್ಳತನ, ಕೊಲೆ, ಅತ್ಯಾಚಾರ ಮುಂತಾದ ಪ್ರಕರಣಗಳಲ್ಲಿ ಅಪರಾಧಿಯು ಅಪರಿಚಿತನಾಗಿದ್ದಾಗ ಇದರ ಅಗತ್ಯ ಬೀಳುತ್ತದೆ. ತನಿಖೆಯು ಸರಿಯಾದ ದಾರಿಯಲ್ಲಿದೆಯೇ ಎಂದು ತಿಳಿಯುವುದು ಮತ್ತು ಸಾಕ್ಷಿಯ ನೆನಪನ್ನು ಒರೆಗೆ ಹಚ್ಚುವುದು ಇದರ ಎರಡು ಉದ್ದೇಶಗಳು. ಇದೊಂದರಿಂದಲೇ ಯಾರ ಅಪರಾಧವೂ ಸಾಬೀತಾಗುವುದಿಲ್ಲ.

ಅಗತ್ಯ

ಆರೋಪಿಯ ಹೆಸರು ದೂರಿನಲ್ಲಿಯೇ ಇದ್ದರೆ ಅಥವಾ ಸಾಕ್ಷಿಗೆ ಅವನು ಮೊದಲೇ ಪರಿಚಿತನಾಗಿದ್ದರೆ ಪರೇಡ್ ಬೇಕಾಗುವುದಿಲ್ಲ. ಕತ್ತಲಲ್ಲಿ, ಗಾಬರಿಯಲ್ಲಿ, ಕೆಲವೇ ಕ್ಷಣ ಕಂಡ ಮುಖದ ಪ್ರಶ್ನೆ ಬೇರೆ. ತಿಂಗಳುಗಳ ಅಥವಾ ವರ್ಷಗಳ ಬಳಿಕ ವಿಚಾರಣೆ ನಡೆಯುವಾಗ ಕಟಕಟೆಯಲ್ಲಿ ನಿಂತಿರುವವನು ಒಬ್ಬನೇ. ಅವನೇ ಆರೋಪಿ ಎಂಬುದು ಸಾಕ್ಷಿಗೆ ಆಗಲೇ ಗೊತ್ತಿರುತ್ತದೆ. ಆದ್ದರಿಂದ ನ್ಯಾಯಾಲಯದಲ್ಲಿ ಮೊದಲ ಬಾರಿಗೆ ಗುರುತಿಸುವುದನ್ನು ದುರ್ಬಲ ಸಾಕ್ಷ್ಯವೆಂದು ಪರಿಗಣಿಸಲಾಗುತ್ತದೆ. ನೆನಪು ಹಸಿಯಾಗಿರುವಾಗಲೇ, ಹಲವರ ನಡುವಿನಿಂದ ಆರಿಸಿದ್ದರೆ ಸಾಕ್ಷಿಯ ಮಾತಿಗೆ ಬಲ ಬರುತ್ತದೆ.

ಕಾನೂನಿನ ಆಧಾರ

1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 9ನೇ ಪ್ರಕರಣವು ವ್ಯಕ್ತಿ ಅಥವಾ ವಸ್ತುವಿನ ಗುರುತನ್ನು ಸ್ಥಿರಪಡಿಸುವ ಸಂಗತಿಗಳನ್ನು ಪ್ರಸ್ತುತವೆಂದು ಹೇಳಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಇದೇ ವಿಷಯವು 7ನೇ ಪ್ರಕರಣದಲ್ಲಿದೆ. ದಂಡ ಪ್ರಕ್ರಿಯಾ ಸಂಹಿತೆಗೆ 2005ರ ತಿದ್ದುಪಡಿಯ ಮೂಲಕ 54ಎ ಪ್ರಕರಣವನ್ನು ಸೇರಿಸಲಾಯಿತು. ಬಂಧಿತನ ಗುರುತಿಸುವಿಕೆ ತನಿಖೆಗೆ ಅಗತ್ಯವೆನಿಸಿದಾಗ, ಪೊಲೀಸ್ ಠಾಣಾಧಿಕಾರಿಯ ಕೋರಿಕೆಯ ಮೇರೆಗೆ ನ್ಯಾಯಾಲಯವು ಪರೇಡ್‌ಗೆ ಆದೇಶಿಸಬಹುದು ಎಂದು ಅದು ಹೇಳುತ್ತದೆ. ಸಾಕ್ಷಿಗೆ ಮಾನಸಿಕ ಅಥವಾ ದೈಹಿಕ ಅಂಗವೈಕಲ್ಯವಿದ್ದರೆ ದಂಡಾಧಿಕಾರಿಯ ಮೇಲ್ವಿಚಾರಣೆಯಲ್ಲಿ ಪರೇಡ್ ನಡೆಯಬೇಕೆಂಬ ನಿಯಮವನ್ನು 2013ರಲ್ಲಿ ಸೇರಿಸಲಾಯಿತು. ಈಗ ಇವು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 54ನೇ ಪ್ರಕರಣದಲ್ಲಿವೆ.

ಪರೇಡ್‌ಗೆ ನಿಲ್ಲಿಸುವುದು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಬಲವಂತ ಮಾಡಿದಂತಲ್ಲವೇ ಎಂಬ ಪ್ರಶ್ನೆ ಸಂವಿಧಾನದ 20(3)ನೇ ವಿಧಿಯ ಅಡಿಯಲ್ಲಿ ಏಳುತ್ತದೆ. ಗುರುತಿಗಾಗಿ ದೇಹವನ್ನು ತೋರಿಸುವುದು ಸಾಕ್ಷಿ ನುಡಿದಂತಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು ಕಾಠಿ ಕಾಲು ಓಘಡ್ ಪ್ರಕರಣದಲ್ಲಿ (1961) ಹೇಳಿತು. ಆರೋಪಿಯು ಪರೇಡ್‌ಗೆ ಒಪ್ಪದಿದ್ದರೆ ನ್ಯಾಯಾಲಯವು ಅವನಿಗೆ ಪ್ರತಿಕೂಲವಾದ ಊಹೆ ಮಾಡಬಹುದು. ತನ್ನನ್ನು ಸಾಕ್ಷಿಗೆ ಮೊದಲೇ ತೋರಿಸಲಾಗಿದೆ ಎಂಬಂತಹ ಸಕಾರಣವಿದ್ದರೆ ಅಂತಹ ಊಹೆಗೆ ಎಡೆಯಿಲ್ಲ.

ನಡೆಸುವ ಕ್ರಮ

ಬಂಧಿತನ ಮುಖಕ್ಕೆ ಮುಸುಕು ಹಾಕಿ ಪೊಲೀಸರು ಕರೆದೊಯ್ಯುವ ದೃಶ್ಯ ಪತ್ರಿಕೆಗಳಲ್ಲಿ ಸಾಮಾನ್ಯ. ಪರೇಡ್‌ಗೆ ಮೊದಲು ಸಾಕ್ಷಿಗಳು ಅವನ ಮುಖ ನೋಡಬಾರದು ಎಂಬುದು ಇದರ ಮುಖ್ಯ ಕಾರಣ. ಛಾಯಾಚಿತ್ರ ಪ್ರಕಟವಾದರೆ ಅಥವಾ ಠಾಣೆಯಲ್ಲಿ ಸಾಕ್ಷಿಗೆ ತೋರಿಸಿದರೆ ಪರೇಡ್ ಅರ್ಥ ಕಳೆದುಕೊಳ್ಳುತ್ತದೆ.

ಪರೇಡನ್ನು ಸಾಮಾನ್ಯವಾಗಿ ಕಾರಾಗೃಹದಲ್ಲಿ ನಡೆಸುತ್ತಾರೆ. ಕರ್ನಾಟಕದಲ್ಲಿ ತಾಲ್ಲೂಕು ದಂಡಾಧಿಕಾರಿಗಳಾದ ತಹಶೀಲ್ದಾರರು ಇದನ್ನು ನಡೆಸುವ ವಾಡಿಕೆಯಿದೆ. ಕೆಲವು ರಾಜ್ಯಗಳಲ್ಲಿ ನ್ಯಾಯಿಕ ದಂಡಾಧಿಕಾರಿಗಳು ನಡೆಸುತ್ತಾರೆ. ಪಾಲಿಸಬೇಕಾದ ಮುಖ್ಯ ಎಚ್ಚರಿಕೆಗಳು ಇವು:

• ವಯಸ್ಸು, ಎತ್ತರ, ಮೈಕಟ್ಟು, ಉಡುಪುಗಳಲ್ಲಿ ಆರೋಪಿಯನ್ನು ಹೋಲುವ ಸಾಕಷ್ಟು ಮಂದಿಯನ್ನು ಸಾಲಿನಲ್ಲಿ ನಿಲ್ಲಿಸಬೇಕು. ಆರೋಪಿಗೆ ಗಡ್ಡವಿದ್ದು ಉಳಿದವರಿಗೆ ಇಲ್ಲದಿದ್ದರೆ ಅದು ಪರೀಕ್ಷೆಯೆನಿಸದು.
• ಆರೋಪಿಯ ಮುಖದಲ್ಲಿ ಮಚ್ಚೆ ಅಥವಾ ಗಾಯದ ಕಲೆಯಿದ್ದರೆ, ಎಲ್ಲರ ಮುಖದ ಅದೇ ಜಾಗಕ್ಕೂ ಕಾಗದದ ಚೂರನ್ನು ಅಂಟಿಸಿ ಮರೆಮಾಡಬೇಕು.
• ಸಾಲಿನಲ್ಲಿ ತನಗೆ ಬೇಕಾದ ಕಡೆ ನಿಲ್ಲಲು ಆರೋಪಿಗೆ ಅವಕಾಶ ಕೊಡಬೇಕು. ಪ್ರತಿ ಸಾಕ್ಷಿಯ ಬಳಿಕ ಅವನು ಜಾಗವನ್ನೂ ಉಡುಪನ್ನೂ ಬದಲಿಸಬಹುದು.
• ಸಾಕ್ಷಿಗಳನ್ನು ಒಬ್ಬೊಬ್ಬರಾಗಿ ಕರೆಯಬೇಕು. ನೋಡಿ ಬಂದವರು ಕಾದಿರುವವರೊಡನೆ ಮಾತನಾಡಲು ಆಸ್ಪದವಿರಬಾರದು.
• ಪೊಲೀಸರು ಸ್ಥಳದಲ್ಲಿರಬಾರದು. ಅವರ ಸಮ್ಮುಖದಲ್ಲಿ ಸಾಕ್ಷಿಯು ಗುರುತಿಸಿದರೆ ಅದು ಪೊಲೀಸರ ಮುಂದೆ ಕೊಟ್ಟ ಹೇಳಿಕೆಯಾಗಿಬಿಡುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯವು 1955ರ ರಾಮ್‌ಕಿಶನ್ ಪ್ರಕರಣದಲ್ಲಿ ತಿಳಿಸಿದೆ.
• ಸಾಕ್ಷಿಯು ತಪ್ಪಾಗಿ ಬೇರೊಬ್ಬನನ್ನು ತೋರಿಸಿದರೆ ಅದನ್ನೂ, ಆರೋಪಿಯ ಆಕ್ಷೇಪಣೆಗಳನ್ನೂ ದಂಡಾಧಿಕಾರಿಯು ನಡವಳಿಯಲ್ಲಿ ದಾಖಲಿಸಬೇಕು.

ಕಳವಾದ ಒಡವೆ, ಪಾತ್ರೆ ಮುಂತಾದವನ್ನೂ ಅಂಥವೇ ಬೇರೆ ವಸ್ತುಗಳೊಡನೆ ಬೆರೆಸಿ, ಮಾಲೀಕರಿಂದ ಗುರುತಿಸುವ ಪದ್ಧತಿಯಿದೆ.

ಸಾಕ್ಷ್ಯವಾಗಿ ಮೌಲ್ಯ

ಪರೇಡ್‌ನಲ್ಲಿ ಗುರುತಿಸಿದ್ದು ಸ್ವತಂತ್ರ ಸಾಕ್ಷ್ಯವಲ್ಲ. ಸಾಕ್ಷಿಯು ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ಗುರುತಿಸುವುದೇ ಮೂಲ ಸಾಕ್ಷ್ಯ. ಪರೇಡ್ ಅದಕ್ಕೆ ಬೆಂಬಲ ಮಾತ್ರ. ಬುಧ್‌ಸೇನ್ ಪ್ರಕರಣ (1970) ಸೇರಿದಂತೆ ಹಲವು ತೀರ್ಪುಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ತತ್ತ್ವವನ್ನು ಎತ್ತಿಹಿಡಿದಿದೆ. ಪರೇಡ್ ನಡೆಸದಿದ್ದ ಮಾತ್ರಕ್ಕೆ ನ್ಯಾಯಾಲಯದಲ್ಲಿ ಗುರುತಿಸಿದ್ದು ಅಗ್ರಾಹ್ಯವಾಗುವುದಿಲ್ಲ, ಅದಕ್ಕೆ ಎಷ್ಟು ತೂಕ ಕೊಡಬೇಕೆಂಬುದು ಆಯಾ ಪ್ರಕರಣದ ಸಂದರ್ಭವನ್ನು ಅವಲಂಬಿಸಿದೆ ಎಂದು ಮಲ್ಖಾನ್‌ಸಿಂಗ್ ಪ್ರಕರಣದಲ್ಲಿ (2003) ಹೇಳಲಾಯಿತು. ಬಂಧನದ ನಂತರ ಎಷ್ಟು ದಿನಗಳೊಳಗೆ ಪರೇಡ್ ನಡೆಸಬೇಕೆಂಬ ಗಡುವು ಕಾನೂನಿನಲ್ಲಿಲ್ಲ. ಆದರೆ ಕಾರಣವಿಲ್ಲದ ವಿಳಂಬವು ಅನುಮಾನಕ್ಕೆ ಎಡೆಮಾಡುತ್ತದೆ.

ತಪ್ಪು ಗುರುತಿಸುವಿಕೆ: ಅಡಾಲ್ಫ್ ಬೆಕ್ ಪ್ರಕರಣ

ಪ್ರಾಮಾಣಿಕ ಸಾಕ್ಷಿಗಳೂ ತಪ್ಪಬಹುದು ಎಂಬುದಕ್ಕೆ ಇಂಗ್ಲೆಂಡಿನ ಅಡಾಲ್ಫ್ ಬೆಕ್ ಪ್ರಕರಣವು ಪ್ರಸಿದ್ಧ ನಿದರ್ಶನ. ಶ್ರೀಮಂತನೆಂದು ನಂಬಿಸಿ ಮಹಿಳೆಯರಿಂದ ಒಡವೆಗಳನ್ನು ಲಪಟಾಯಿಸುತ್ತಿದ್ದ ವಂಚಕನೆಂದು, ನಾರ್ವೆ ಮೂಲದ ಬೆಕ್‌ನ ಮೇಲೆ 1895ರಲ್ಲಿ ಲಂಡನ್ನಿನಲ್ಲಿ ಆರೋಪ ಬಂದಿತು. ಮೋಸಹೋದ ಹಲವು ಮಹಿಳೆಯರು ಅವನೇ ಎಂದು ಗುರುತಿಸಿದರು. 1877ರಲ್ಲಿ ಅದೇ ಬಗೆಯ ವಂಚನೆಗಾಗಿ ಶಿಕ್ಷೆಗೊಳಗಾಗಿದ್ದ ಜಾನ್ ಸ್ಮಿತ್ ಎಂಬವನು ಇವನೇ ಎಂದು ಪೊಲೀಸ್ ಅಧಿಕಾರಿಯೊಬ್ಬರೂ ಹೇಳಿದರು. ಬೆಕ್‌ಗೆ 7 ವರ್ಷಗಳ ಕಠಿಣ ಶಿಕ್ಷೆಯಾಯಿತು. ಸ್ಮಿತ್‌ಗೆ ಸುನ್ನತಿಯಾಗಿತ್ತು, ಬೆಕ್‌ಗೆ ಆಗಿರಲಿಲ್ಲ ಎಂಬುದು ಸೆರೆಮನೆಯ ದಾಖಲೆಗಳಿಂದ ಮುಂದೆ ತಿಳಿದರೂ ಶಿಕ್ಷೆ ರದ್ದಾಗಲಿಲ್ಲ. 1901ರಲ್ಲಿ ಬಿಡುಗಡೆಯಾದ ಅವನನ್ನು 1904ರಲ್ಲಿ ಮತ್ತೆ ಅಂಥದೇ ಆರೋಪದ ಮೇಲೆ ಬಂಧಿಸಲಾಯಿತು. ಮತ್ತೆ ಮಹಿಳೆಯರು ಅವನನ್ನೇ ಗುರುತಿಸಿದರು. ಮತ್ತೆ ಅವನು ತಪ್ಪಿತಸ್ಥನೆಂದು ತೀರ್ಮಾನವಾಯಿತು. ಶಿಕ್ಷೆ ಪ್ರಕಟವಾಗುವ ಮೊದಲೇ ನಿಜವಾದ ವಂಚಕನು ಸಿಕ್ಕಿಬಿದ್ದನು. ಬೆಕ್‌ಗೆ ಕ್ಷಮಾದಾನವೂ ಪರಿಹಾರಧನವೂ ದೊರೆತವು. ಈ ಪ್ರಕರಣವು 1907ರಲ್ಲಿ ಅಲ್ಲಿ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯದ ಸ್ಥಾಪನೆಗೆ ಪ್ರೇರಣೆಗಳಲ್ಲಿ ಒಂದಾಯಿತು.

ನೆನಪಿನ ಮಿತಿಗಳು

ಬೆಕ್‌ನನ್ನು ಗುರುತಿಸಿದ ಮಹಿಳೆಯರು ಸುಳ್ಳು ಹೇಳಿರಲಿಲ್ಲ. ಅವರ ನೆನಪು ಅವರನ್ನು ವಂಚಿಸಿತ್ತು. ಭಯ, ಮಂದ ಬೆಳಕು, ದೂರ, ಅಲ್ಪಾವಧಿ ಇವು ಗ್ರಹಿಕೆಯನ್ನು ಕುಂದಿಸುತ್ತವೆ. ಆಯುಧ ಕಂಡಾಗ ಕಣ್ಣು ಮುಖವನ್ನು ಬಿಟ್ಟು ಅದರ ಮೇಲೆಯೇ ನಿಲ್ಲುತ್ತದೆ. ಸಾಲಿನಲ್ಲಿ ಅಪರಾಧಿ ಇದ್ದೇ ಇರುತ್ತಾನೆಂದು ನಂಬಿದ ಸಾಕ್ಷಿಯು, ಇರುವವರಲ್ಲಿ ಹೆಚ್ಚು ಹೋಲುವವನನ್ನು ಆರಿಸುವ ಸಂಭವವುಂಟು. ‘ಸರಿಯಾಗಿ ಹೇಳಿದಿರಿ’ ಎಂಬ ಒಂದು ಮಾತು ಸಾಕು, ಅಳುಕು ಅಚಲ ನಂಬಿಕೆಯಾಗಿ ಮಾರ್ಪಡುತ್ತದೆ. ಅಮೆರಿಕದಲ್ಲಿ ಡಿಎನ್‌ಎ ಪರೀಕ್ಷೆಯಿಂದ ನಿರಪರಾಧಿಗಳೆಂದು ಸಾಬೀತಾದವರಲ್ಲಿ ಬಹುಪಾಲು ಮಂದಿ ತಪ್ಪು ಗುರುತಿಸುವಿಕೆಯಿಂದಲೇ ಶಿಕ್ಷೆಗೊಳಗಾಗಿದ್ದರು. ‘ಅಪರಾಧಿ ಈ ಸಾಲಿನಲ್ಲಿ ಇಲ್ಲದಿರಲೂಬಹುದು’ ಎಂದು ಸಾಕ್ಷಿಗೆ ಮೊದಲೇ ತಿಳಿಸುವುದು, ಆರೋಪಿ ಯಾರೆಂದು ಅರಿಯದ ಅಧಿಕಾರಿಯಿಂದಲೇ ಪರೇಡ್ ನಡೆಸುವುದು ಇದಕ್ಕೆ ಪರಿಹಾರವಾಗಿ ಸೂಚಿತವಾಗಿರುವ ಕ್ರಮಗಳು.

ಇತರ ವಿಧಾನಗಳೊಡನೆ ಸಂಬಂಧ

ಬೆರಳಚ್ಚು, ಡಿಎನ್‌ಎ, ಸಿಸಿಟಿವಿ ದೃಶ್ಯಾವಳಿ, ಮೊಬೈಲ್ ಕರೆಗಳ ವಿವರ ಇವು ಇಂದು ತನಿಖೆಯ ಪ್ರಮುಖ ಆಧಾರಗಳಾಗಿವೆ. 1920ರ ಕೈದಿಗಳ ಗುರುತಿಸುವಿಕೆ ಕಾಯ್ದೆಯ ಬದಲಿಗೆ ಬಂದ 2022ರ ದಂಡ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆಯು ಬೆರಳಚ್ಚಿನ ಜೊತೆಗೆ ಕಣ್ಣಿನ ಪಾಪೆ ಮುಂತಾದವುಗಳ ದಾಖಲೆಗೂ ಅವಕಾಶ ಕೊಟ್ಟಿದೆ. ಆದರೂ ಇಂತಹ ಕುರುಹುಗಳು ದೊರೆಯದ ಪ್ರಕರಣಗಳಲ್ಲಿ ಕಂಡವರ ಮಾತೇ ಆಧಾರ. ಕಳವಾದ ವಸ್ತುವಿನ ವಶ, ವೈದ್ಯಕೀಯ ವರದಿ ಮುಂತಾದ ಬೇರೆ ಸಾಕ್ಷ್ಯಗಳೂ ಜೊತೆಗೂಡಿದಾಗ ಆ ಮಾತಿನ ಮೇಲಿನ ಭರವಸೆ ಹೆಚ್ಚುತ್ತದೆ.