ನಾಲಿಗೆಕಟ್ಟು
ನಾಲಿಗೆಯ ಅಡಿಯನ್ನು ಬಾಯಿಯ ತಳಕ್ಕೆ ಸೇರಿಸುವ ಪೊರೆ ಹುಟ್ಟಿನಿಂದಲೇ ಗಿಡ್ಡವಾಗಿ ಅಥವಾ ಬಿಗಿಯಾಗಿದ್ದು ನಾಲಿಗೆಯ ಚಲನೆಗೆ ತಡೆಯಾಗುವ ಸ್ಥಿತಿ; ವೈದ್ಯಕೀಯ ಹೆಸರು ಆಂಕಿಲೊಗ್ಲಾಸಿಯ. ಗಂಡುಮಕ್ಕಳಲ್ಲಿ ಹೆಚ್ಚು. ಮಗು ಅತ್ತಾಗ ನಾಲಿಗೆಯ ತುದಿ ನಡುವೆ ಕಚ್ಚಾಗಿ ಹೃದಯದಾಕಾರ ತಾಳಬಹುದು. ಮೊಲೆ ಹಿಡಿದು ಹಿಡಿದು ಬಿಡುವುದು, ಲೊಚಗುಟ್ಟುವ ಸದ್ದು, ಹೊಟ್ಟೆ ತುಂಬುವ ಮೊದಲೇ ದಣಿದು ನಿದ್ದೆಹೋಗುವುದು ಇತರ ಲಕ್ಷಣಗಳು. ತಾಯಿಗೆ ತೊಟ್ಟು ಬಿರಿದು ನೋವು, ಮಗುವಿನ ತೂಕ ಏರದು.

ತೆಂಗಿನ ಸೀಮೆಯಾದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೋಟದ ಮನೆಗಳಲ್ಲಿ ಇದನ್ನು ಮೊದಲು ಗಮನಿಸುವ ಅವಕಾಶ ಆಶಾ ಕಾರ್ಯಕರ್ತೆಯದು. ಆಸ್ಪತ್ರೆ ಹೆರಿಗೆಯಾದರೆ 3, 7, 14, 21, 28, 42ನೆಯ ದಿನಗಳ ಮನೆಭೇಟಿಯಲ್ಲಿ ತೂಕ ನೋಡುವುದು, ಹಾಲೂಡಿಕೆ ವಿಚಾರಿಸುವುದು ಆಕೆಯ ನಿಗದಿತ ಕೆಲಸ. ಮುಂದಿನ ಹಂತ ತಾಲ್ಲೂಕು ಆಸ್ಪತ್ರೆಯ ಮಕ್ಕಳ ತಜ್ಞರು ಹಾಗೂ ಶುಶ್ರೂಷಕಿಯರು, ಬಳಿಕ ತುಮಕೂರು ಜಿಲ್ಲಾ ಆಸ್ಪತ್ರೆ. ಮಾತಿನ ತಪಾಸಣೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ (1965) ಇದೆ.

ಮಗುವಿನ ಭಂಗಿ, ಮೊಲೆ ಹಿಡಿಸುವ ಕ್ರಮ ತಿದ್ದುವುದೇ ಮೊದಲ ಚಿಕಿತ್ಸೆ; ಅನೇಕ ಮಕ್ಕಳಿಗೆ ಅಷ್ಟೇ ಸಾಕಾಗುತ್ತದೆ. ಸಾಲದಿದ್ದರೆ ವೈದ್ಯರು ಪೊರೆಯನ್ನು ಕತ್ತರಿಯಿಂದ ಬಿಡಿಸುತ್ತಾರೆ. ಕ್ಷಣಗಳ ಕೆಲಸ, ಕೂಡಲೇ ಹಾಲೂಡಿಸಬಹುದು. ತೊಂದರೆ ಕೊಡದ ಪೊರೆಯನ್ನು ಮುಟ್ಟಬೇಕಿಲ್ಲ. ಮಾತು ತಡವಾಗಲು ಇದೇ ಕಾರಣವೆಂಬ ನಂಬಿಕೆ ವ್ಯಾಪಕ, ಆಧಾರ ದುರ್ಬಲ.