ಉಲ್ಲೇಖಗಳ ಎಣಿಕೆಯೂ ಮುಂಬಯಿಯ ಒಂದು ವಾರಪತ್ರಿಕೆಯೂ

ವಿದ್ವತ್ಪತ್ರಿಕೆಯೊಂದರ ಹಿರಿಮೆಯನ್ನು ಅಳೆಯುವುದು ಹೇಗೆ? ಅದರಲ್ಲಿ ಬಂದ ಲೇಖನಗಳನ್ನು ಇತರ ವಿದ್ವಾಂಸರು ಎಷ್ಟು ಬಾರಿ ಉಲ್ಲೇಖಿಸಿದ್ದಾರೆಂಬುದನ್ನು ಎಣಿಸಿ ನೋಡಬೇಕೆಂಬುದು ಇಂದು ರೂಢವಾಗಿರುವ ಉತ್ತರ. ಈ ಉತ್ತರದ ಪ್ರಯೋಜನವನ್ನೂ ಮಿತಿಯನ್ನೂ ಪರೀಕ್ಷಿಸಲು ನಮ್ಮ ಮುಂಬಯಿಯಲ್ಲಿಯೇ ಒಂದು ನಿದರ್ಶನವಿದೆ.

1949ರ ಜನವರಿಯಲ್ಲಿ ಸಚೀನ್ ಚೌಧುರಿಯವರು ಈ ನಗರದಲ್ಲಿ 'ಇಕನಾಮಿಕ್ ವೀಕ್ಲಿ'ಯನ್ನು ಆರಂಭಿಸಿದರು. 1965ರ ಕೊನೆಗೆ ಅದು ನಿಂತಿತು. 1966ರ ಆಗಸ್ಟಿನಲ್ಲಿ 'ಇಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ'ಯಾಗಿ ಮತ್ತೆ ಹುಟ್ಟಿತು. ಆ ವರ್ಷವೇ ಚೌಧುರಿಯವರು ತೀರಿಕೊಂಡರು. 1969ರಿಂದ 2004ರವರೆಗೆ ಕೃಷ್ಣರಾಜರು ಅದನ್ನು ನಡೆಸಿದರು. ವಾರದ ವಿದ್ಯಮಾನಗಳ ವಿಮರ್ಶೆಯೂ ಗಂಭೀರ ಸಂಶೋಧನೆಯೂ ಒಂದೇ ಸಂಚಿಕೆಯಲ್ಲಿ ಕೂಡಿರುವುದೇ ಈ ಪತ್ರಿಕೆಯ ವೈಶಿಷ್ಟ್ಯ.

ಕನ್ನಡಿಗರಿಗೆ ಇದರೊಡನೆ ಹಳೆಯ ನಂಟುಂಟು. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಘುರ್ಯೆಯವರ ಶಿಷ್ಯರಾಗಿದ್ದ ಮೈಸೂರಿನ ಎಂ. ಎನ್. ಶ್ರೀನಿವಾಸರು, ಮೈಸೂರು ಸೀಮೆಯ ಹಳ್ಳಿಯೊಂದರ ಸಮಾಜರಚನೆಯನ್ನು ಕುರಿತು 1951ರ ಅಕ್ಟೋಬರಿನಲ್ಲಿ ಇಲ್ಲಿ ಬರೆದರು. ಇತರ ವಿದ್ವಾಂಸರೂ ಬೇರೆ ಬೇರೆ ಪ್ರಾಂತಗಳ ಹಳ್ಳಿಗಳನ್ನು ವರ್ಣಿಸಿದರು. 1954ರವರೆಗೆ ಬಂದ ಈ ಲೇಖನಗಳು 1955ರಲ್ಲಿ ಕಲಕತ್ತೆಯಲ್ಲಿ 'ಇಂಡಿಯಾಸ್ ವಿಲೇಜಸ್' ಎಂಬ ಗ್ರಂಥವಾದವು. ಅಂದಿನಿಂದ ಅಭ್ಯಾಸಿಗಳು ಗ್ರಂಥವನ್ನು ಹೆಸರಿಸಿದಾಗಲೆಲ್ಲ ಉಲ್ಲೇಖದ ಲೆಕ್ಕ ಗ್ರಂಥಕ್ಕೇ ಸಲ್ಲುತ್ತದೆ. ಲೇಖನಗಳನ್ನು ಮೊದಲು ಪ್ರಕಟಿಸಿದ ವಾರಪತ್ರಿಕೆಗೆ ಸಲ್ಲುವುದಿಲ್ಲ.

ಅದೇ 1955ರಲ್ಲಿ ಅಮೆರಿಕೆಯ ಯೂಜಿನ್ ಗಾರ್‌ಫೀಲ್ಡರು ಉಲ್ಲೇಖಸೂಚಿಯ ಕಲ್ಪನೆಯನ್ನು ವಿದ್ವಲ್ಲೋಕದ ಮುಂದಿಟ್ಟರು. ಒಂದು ಲೇಖನವನ್ನು ಮುಂದೆ ಯಾರು ಸಮರ್ಥಿಸಿದರು, ಯಾರು ಖಂಡಿಸಿದರು ಎಂದು ಹುಡುಕಲು ನೆರವಾಗುವುದು ಅದರ ಮೂಲೋದ್ದೇಶ. ತರುವಾಯ ಅದರಿಂದಲೇ 'ಇಂಪ್ಯಾಕ್ಟ್ ಫ್ಯಾಕ್ಟರ್' ಎಂಬ ಮಾನದಂಡ ಹೊರಟಿತು. ಪತ್ರಿಕೆಯೊಂದು ಹಿಂದಿನ ಎರಡು ವರ್ಷಗಳಲ್ಲಿ 200 ಲೇಖನಗಳನ್ನು ಪ್ರಕಟಿಸಿ, ಈ ವರ್ಷ ಅವಕ್ಕೆ 100 ಉಲ್ಲೇಖಗಳು ದೊರೆತರೆ, ಅದರ ಅಂಕ 0.5.

ಈ ಸೂತ್ರ ಅಂದೇ ಇದ್ದಿದ್ದರೆ ಶ್ರೀನಿವಾಸರ ಲೇಖನ 1952 ಮತ್ತು 1953ರ ಲೆಕ್ಕಕ್ಕೆ ಮಾತ್ರ ಬರುತ್ತಿತ್ತು. ಗ್ರಂಥ ಹೊರಬರುವ ಮೊದಲೇ ಗಡುವು ಮುಗಿಯುತ್ತಿತ್ತು! 1971ರ ಜನವರಿಯಲ್ಲಿ ಇದೇ ಪತ್ರಿಕೆಯಲ್ಲಿ ಬಂದ ದಾಂಡೇಕರ್ ಮತ್ತು ರಥ್ ಅವರ ಭಾರತದ ಬಡತನದ ವಿವೇಚನೆಯ ಮೇಲಿನ ಚರ್ಚೆ ದಶಕಗಳ ಕಾಲ ನಡೆಯಿತು. ಎರಡು ವರ್ಷಗಳ ಅಳತೆಗೋಲು ಅದಕ್ಕೆಲ್ಲಿ ಸಾಕು? ಭಾಜಕದಲ್ಲಿಯೂ ತೊಡಕಿದೆ. ಸಂಪಾದಕೀಯದಂಥ ಬರಹಗಳಿಗೆ ಬಂದ ಉಲ್ಲೇಖಗಳನ್ನು ಕೂಡಿಸುತ್ತಾರೆ, ಆ ಬರಹಗಳನ್ನು ಮಾತ್ರ ಲೇಖನಗಳ ಸಂಖ್ಯೆಯಲ್ಲಿ ಸೇರಿಸುವುದಿಲ್ಲ. ಟಿಪ್ಪಣಿಯೂ ಸಂಶೋಧನೆಯೂ ಬೆರೆತ ವಾರಪತ್ರಿಕೆಯಲ್ಲಿ ಯಾವುದು ಲೇಖನ, ಯಾವುದು ಅಲ್ಲ ಎಂಬ ನಿರ್ಣಯದಿಂದಲೇ ಅಂಕ ಏರಿಳಿಯಬಹುದು.

ಇನ್ನು ಭಾಷೆಯ ಮಾತು. ಸೂಚಿಗೆ ಸೇರದ ಕನ್ನಡ ಪತ್ರಿಕೆಯಲ್ಲಿ ನಾವು ಈ ಲೇಖನಗಳನ್ನು ಎಷ್ಟು ಆದರದಿಂದ ಸ್ಮರಿಸಿದರೂ ಲೆಕ್ಕದಲ್ಲಿ ಅದು ಶೂನ್ಯ. ಹಾಗೆಂದು ಎಣಿಕೆಯೇ ವ್ಯರ್ಥವೆನ್ನುವುದು ಸರಿಯಲ್ಲ. ವಿಚಾರ ಹರಿದ ದಾರಿಯನ್ನು ಅದು ತೋರಿಸಬಲ್ಲುದು. ವಿಚಾರದ ಬೆಲೆ ಕಟ್ಟಲಾರದು. ಆ ದಾರಿ ಅಳಿಸಿಹೋಗದಂತೆ ನಾವು ಮಾಡಬಹುದಾದುದೊಂದಿದೆ: ಗ್ರಂಥವನ್ನು ಉಲ್ಲೇಖಿಸುವಾಗ, ಲೇಖನವನ್ನು ಮೊದಲು ಪ್ರಕಟಿಸಿದ ಪತ್ರಿಕೆಯ ಹೆಸರನ್ನೂ ವರ್ಷವನ್ನೂ ತಪ್ಪದೆ ಬರೆಯುವುದು. ಈ ಋಣಸಂದಾಯಕ್ಕೆ ಯಾವ ಸೂತ್ರವೂ ಬೇಕಿಲ್ಲ.